ಆರನೆಯ ಸೀಸನ್ನಿನ ಹುಣ್ಣಿಮೆ

ಸಂಜೆ ನಾಲ್ಕಕ್ಕೆ ಬಂದು ಕೂರುತ್ತಾನೆ ಹುಡುಗ
ನನ್ನ ಟ್ರೇಲರಿನ ತಿರುಗುಕುರ್ಚಿಯಲ್ಲಿ.
ಹುಡುಗ ಅಂದೆ, ರೂಢಿಯಿಂದ;
ಎವ್ರೆಟ್‌ಗೆ ಮೊನ್ನೆ ಇಪ್ಪತ್ತೆಂಟು ತುಂಬಿತು.
ಕಥೆಯಲ್ಲಿ ಹದಿನಾರು, ಆರು ವರ್ಷದಿಂದ ಹದಿನಾರೇ,
ಅದೇ ಲಾಕರು, ಅದೇ ಗಣಿತದ ಪರೀಕ್ಷೆ,
ಬರೆಯಲು ಕೂತಾಗೆಲ್ಲ ಹುಣ್ಣಿಮೆ ಅಡ್ಡಬಂದು ಫೇಲು.

ಮೊದಲು ಗಡ್ಡ ಹೆರೆಯುತ್ತೇನೆ
ಹದಿನಾರರ ಕೆನ್ನೆ ಕಾಣುವ ತನಕ.
ಆಮೇಲೆ ಅದೇ ಕೆನ್ನೆಗೆ ಅಂಟು ಸವರಿ
ಚಮರೀಮೃಗದ ಕೂದಲು, ಒಂದೊಂದೇ ಎಳೆ,
ಚಿಮ್ಮಟದಲ್ಲಿ ಹಿಡಿದು ನಾಟಿ ಮಾಡುತ್ತೇನೆ.
ಇದ್ದದ್ದು ಬೋಳಿಸಿ ಇಲ್ಲದ್ದು ಬೆಳೆಸೋದು,
ವಿಲ್ಮಾ, ಇದೂ ಒಂದು ಕಸುಬೇ? ಅನ್ನುತ್ತಾನೆ.
ನಗಬೇಡವೋ, ನಕ್ಕರೆ ಅಂಟು ಬಿಡುತ್ತದೆ.
ಮೂರೂವರೆ ಗಂಟೆ. ಅವನ ಮೊಣಕಾಲ ನೋವು,
ಮನೆ ಸಾಲ, ನನ್ನ ಬೆಕ್ಕಿನ ಕಿಡ್ನಿ.
ಕೋರೆಹಲ್ಲು ಕೂಡಿಸಿದ ಮೇಲೆ ಮಾತಿಲ್ಲ,
ಸ್ಟ್ರಾ ಹಾಕಿ ಸೂಪು ಕುಡಿಸುತ್ತೇನೆ.

ಹೊರಗೆ ಆಲ್ಡರ್‌ಫೋರ್ಡಿನ ಮುಚ್ಚಿದ ಮರದ ಮಿಲ್ಲು,
ಹಿಂದೆ ಕಪ್ಪು ದೇವದಾರು,
ಮೇಲೆ ಅಮಾವಾಸ್ಯೆ.
ನಮ್ಮ ಹುಣ್ಣಿಮೆ ಇರುವುದು ಕ್ರೇನಿನ ತುದಿಗೆ,
ಬೆಳಕು ತುಂಬಿದ ಬಿಳಿ ಬಲೂನು, ಗಂಟೆಗಿಷ್ಟು ಬಾಡಿಗೆ.
ನಿಜವಾದ ಚಂದ್ರ ಬಂದ ರಾತ್ರಿ
ಕ್ಯಾಮೆರಾದವನು ಬೈಯುತ್ತಾನೆ:
ಎರಡೆರಡು ನೆರಳು ಬೀಳುತ್ತವೆ.

ಬೇಲಿಯಾಚೆ ಊರಿನ ಹುಡುಗಿಯರು.
ಅವರಲ್ಲೊಬ್ಬಳು ಮ್ಯಾರೆನ್, ಹದಿನಾಲ್ಕು,
ಬೇಸಿಗೆಯಲ್ಲೂ ಮೂಗಿನವರೆಗೆ ಮಫ್ಲರು.
ಸಹಿ ಕೇಳಲಿಲ್ಲ, ಫೋಟೋ ಕೇಳಲಿಲ್ಲ.
ನಾನು ಸಿಗರೇಟಿಗೆ ಹೊರಬಂದಾಗ ಕೇಳಿದಳು:
ಅವನದನ್ನು ಹೇಗೆ ತೆಗೀತೀರಿ?
ಸ್ಪಿರಿಟ್ಟು, ಹತ್ತಿ, ತಾಳ್ಮೆ ಅಂದೆ.
ಮಫ್ಲರು ಇಳಿಸಿದಳು.

ಗದ್ದದ ಮೇಲೆ, ಮೇಲ್ದುಟಿಯ ಮೇಲೆ
ಮೆತ್ತಗೆ, ಕಪ್ಪಗೆ, ಬೇರುಬಿಟ್ಟದ್ದು.
ಇಪ್ಪತ್ತಾರು ವರ್ಷ ಕೂದಲು ನೆಟ್ಟವಳು ನಾನು,
ಇಷ್ಟು ಸಹಜವಾಗಿ ಒಮ್ಮೆಯೂ ನೆಡಲಾಗಿಲ್ಲ.
ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.
ಏನೂ ಕಾಣಿಸಲ್ಲ ಮಗಳೇ, ಅಂದೆ. ಸುಳ್ಳು.
ನಿಮ್ಮ ಸೀರಿಯಲ್ ಬಂದ ಮೇಲೆ, ಅಂದಳು ಅವಳು,
ನಾಳೆಯ ಹವಾಮಾನ ಹೇಳುವ ದನಿಯಲ್ಲಿ,
ನಾನು ಕ್ಲಾಸಿಗೆ ಕಾಲಿಟ್ಟರೆ
ಹಿಂದಿನ ಬೆಂಚು ಊಳಿಡುತ್ತೆ.

ಅಷ್ಟರಲ್ಲಿ ಆಚೆ ಆಕ್ಷನ್ ಅಂದರು.
ಎವ್ರೆಟ್ ದಿಮ್ಮಿ ಏರಿ
ಬಲೂನಿಗೆ ಮುಖವೆತ್ತಿ ಊಳಿಟ್ಟ.
ಹದಿನಾಲ್ಕು ಟೇಕು.
ಒಂದೊಂದು ಸಲವೂ ಅವಳ ಭುಜ
ಕಿವಿಯ ಕಡೆಗೆ ಒಂದಿಷ್ಟೇ ಇಷ್ಟು ಮುದುಡಿತು.
ನಾನು ಎಣಿಸಿದೆ. ಎಣಿಸಬಾರದಿತ್ತು.

ಇದೇ ಕೊನೆಯ ಸೀಸನ್ನು ಎಂಬ ಸುದ್ದಿ ಬಂದದ್ದೂ ಆ ವಾರವೇ.
ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು:
ಕಥೆ ಯಾವತ್ತೋ ಹಳಸಿತ್ತು ಅಂದರು ಪತ್ರಿಕೆಯವರು,
ನಾಯಕನಿಗೆ ವಯಸ್ಸಾಯಿತು ಅಂದರು,
ತೋಳದ ಕೀ ಚೈನು ಮಾರಿ ಮಹಡಿ ಕಟ್ಟಿಸಿದ
ಪೆಟ್ರೋಲ್ ಬಂಕಿನ ಡ್ವೇನ್ ಕೂಡ
ನಾನಂತೂ ಒಂದು ಕಂತೂ ನೋಡಿಲ್ಲ ಅಂದ.

ಕೊನೆಯ ರಾತ್ರಿ ಮೂರಕ್ಕೆ ಕೂದಲು ಬಿಡಿಸಿದೆ.
ಕುರ್ಚಿಯಲ್ಲೇ ನಿದ್ದೆಹೋಗಿದ್ದ.
ಚಮರಿಯ ಕೆಳಗೆ ಅವನದೇ ಗಡ್ಡ
ಚುಚ್ಚುವಷ್ಟು ಮೊಳೆತಿತ್ತು, ಅದರಲ್ಲಿ ಎರಡು ಬಿಳಿ.
ಆಗ ಹೇಳಿದೆ ಮ್ಯಾರೆನ್ ವಿಷಯ.
ಕಣ್ಣು ತೆರೆಯಲಿಲ್ಲ. ಕೇಳಿತೋ, ಇಲ್ಲವೋ.

ಬೆಳಗಿನ ಜಾವ ಗೇಟಿನ ಬಳಿ ಅವಳೊಬ್ಬಳೇ.
ಕಾರಿನವರೆಗೆ ಹೋದವನು ತಿರುಗಿ ಬಂದ.
ಒಂದ್ಸಲ ಊಳಿಡು, ಅಂದಳು,
ಕ್ಯಾಮೆರಾ ಇಲ್ಲದೆ, ಇಲ್ಲೇ.
ತಲೆ ಎತ್ತಿದ, ಬಾಯಿ ತೆರೆದ.
ವಾರವಿಡೀ ಅರಚಿ ಅರಚಿ ಕಟ್ಟಿದ ಗಂಟಲು;
ಬಂದದ್ದು ಕೆಮ್ಮು,
ಬಗ್ಗಿ, ಮೊಣಕಾಲು ಹಿಡಿದು, ಕಣ್ಣಲ್ಲಿ ನೀರು ಬರುವಂಥ ಕೆಮ್ಮು.

ನಮ್ಮ ಹಿಂದಿನ ಬೆಂಚೇ ವಾಸಿ, ಅಂದಳು ಮ್ಯಾರೆನ್.

ಮೊದಲು ನಕ್ಕದ್ದು ಯಾರೋ ನೋಡಲಿಲ್ಲ.
ನಾನು ಟ್ರೇಲರಿನ ದೀಪ ಆರಿಸುತ್ತಿದ್ದೆ,
ಕೈಗೆ ಇನ್ನೂ ಅಂಟು.